ಮೂಗಿನ ಪಡಿಯಚ್ಚು

ರೋಗಿಯ ದೇಹಕ್ಕೆ ಶಸ್ತ್ರವನ್ನು ಮುಟ್ಟಿಸುವ ಮೊದಲು ಬೇರೊಂದು ವಸ್ತುವಿನಲ್ಲಿ ಪಡಿಯಚ್ಚನ್ನು ಮಾಡಿ ಪರೀಕ್ಷಿಸುವ ಪದ್ಧತಿಯು ಯಂತ್ರಯುಗದ್ದೆಂದು ಹೇಳುವುದುಂಟು. ಅದರ ಪೂರ್ವೇತಿಹಾಸದ ಒಂದು ಅಂಶವನ್ನು ಇಲ್ಲಿ ವಿಚಾರಿಸುವೆನು.

ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ ಛಿನ್ನನಾಸಿಕೆಯ ಸಂಧಾನವಿಧಿಯು ಉಕ್ತವಾಗಿದೆ. ಮೂಗಿನ ಪ್ರಮಾಣಕ್ಕೆ ಸರಿಯಾದ ಮರದೆಲೆಯೊಂದನ್ನು ತೆಗೆದುಕೊಂಡು, ಆ ಅಳತೆಯಂತೆ ಕೆನ್ನೆಯ ಚರ್ಮವನ್ನೆತ್ತಿ ಮೂಗಿನ ಮೊಂಡಿಗೆ ಕೂಡಿಸಿ, ಹೊಳ್ಳೆಗಳಲ್ಲಿ ಎರಡು ನಳಿಗೆಗಳನ್ನು ಇಡತಕ್ಕದ್ದು. ಶಿಷ್ಯನು ಕುಂಬಳ, ಸೋರೆ, ಸೌತೆಗಳ ಮೇಲೆ ಛೇದನವನ್ನೂ ಬೊಂಬೆಯ ಅವಯವಗಳ ಮೇಲೆ ಬಂಧನವನ್ನೂ ಅಭ್ಯಾಸಮಾಡಬೇಕೆಂದು 9ನೆಯ ಅಧ್ಯಾಯವು ವಿಧಿಸುತ್ತದೆ. ಪಾಠಶಾಲೆಯಲ್ಲಿ ಇದನ್ನು ಓದುವಾಗ ನಾವು ಪದಗಳ ಅನ್ವಯವನ್ನು ಹೇಳಿ ಮುಂದೆ ಸಾಗಿದೆವು. ಎಲೆ ಏಕೆ ಬೇಕೆಂದು ಯಾರೂ ಕೇಳಲಿಲ್ಲ.

ಇದಕ್ಕೆ ಉತ್ತರವು ನನಗೆ ದೊರೆತುದು ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯು 1794ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಒಂದು ಪತ್ರದಿಂದ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠನು ಟಿಪ್ಪುವಿನ ಸೆರೆಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ವರ್ಷಕ್ಕೆ ಮೀರಿದ ಕಾಲವು ಕಳೆದ ಬಳಿಕ, ಪುಣೆಯ ಸಮೀಪದಲ್ಲಿದ್ದ ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನಿಗೆ ಹೊಸ ಮೂಗನ್ನು ಕೂಡಿಸಿದನು. ಅವನು ಮೊದಲು ತೆಳುವಾದ ಮೇಣದ ಹಾಳೆಯನ್ನು ಮೊಂಡಿನ ಮೇಲೆ ಕೂರಿಸಿ, ಅಂದವಾದ ಮೂಗಿನಂತೆ ತಿದ್ದಿದನು. ಅನಂತರ ಅದನ್ನು ಚಪ್ಪಟೆಮಾಡಿ ಹಣೆಯ ಮೇಲಿರಿಸಿ, ಸುತ್ತಲೂ ಗೆರೆಯೆಳೆದು, ಅಷ್ಟೇ ಚರ್ಮವನ್ನು ಬಿಡಿಸಿದನು. ರಕ್ತಸಂಚಾರವು ನಿಲ್ಲದಂತೆ ಹುಬ್ಬುಗಳ ನಡುವೆ ಕಿರಿದಾದ ಪಟ್ಟಿಯೊಂದನ್ನು ಉಳಿಸಿ, ಚರ್ಮವನ್ನು ತಿರುಚಿ ಕೆಳಗಿಳಿಸಿದನು. ಕಟ್ಟಿಗೆ ಉಪಯೋಗಿಸಿದ್ದು ನೀರಿನಲ್ಲಿ ನೆನೆಸಿದ ಕಾಚು.

ಎಲೆಯು ಉದ್ದಗಲಗಳನ್ನು ಮಾತ್ರ ತಿಳಿಸಬಲ್ಲದು. ಮೇಣವಾದರೋ ಮೂಗಿನ ಎತ್ತರವನ್ನೂ ಪಡೆದು, ಚಪ್ಪಟೆಯಾದಾಗ ಆ ಎತ್ತರಕ್ಕೆ ಬೇಕಾದ ಚರ್ಮದ ವಿಸ್ತಾರವನ್ನು ತೋರಿಸುತ್ತದೆ. ಅಳತೆಯು ತಪ್ಪಿದರೆ ಮೇಣವನ್ನು ಮತ್ತೆ ತಿದ್ದಬಹುದು. ಹಣೆಯನ್ನು ಎರಡನೆಯ ಸಲ ಕೊಯ್ಯುವಂತಿಲ್ಲ. ಆದುದರಿಂದ ಪುಣೆಯ ಕ್ರಮವನ್ನು ಸುಶ್ರುತನ ಯಥಾವತ್ ಅನುಕರಣವೆಂದು ಹೇಳುವುದು ನನಗೆ ಸಮ್ಮತವಲ್ಲ. ಕೆನ್ನೆಗೆ ಬದಲಾಗಿ ಹಣೆ, ಎಲೆಗೆ ಬದಲಾಗಿ ಮೇಣ: ಇವು ಕೈಕಸಬಿನವರು ಸಾಧಿಸಿದ ಪರಿಷ್ಕಾರಗಳೆಂದೇ ತೋರುತ್ತದೆ. ಅಚ್ಚಿನೊಡನೆ ನಿತ್ಯವೂ ವ್ಯವಹರಿಸುವ ಇಟ್ಟಿಗೆಯವನಿಗೆ ಇದು ಹೊಳೆದುದು ಆಶ್ಚರ್ಯವೇನಲ್ಲ. ಪತ್ರದಲ್ಲಿ ರೋಗಿಯ ಹೆಸರಿದೆ, ಈ ಕ್ರಿಯೆಯನ್ನು ಕಂಡಿದ್ದ ಕ್ರೂಸೋ, ಫಿಂಡ್ಲೆ ಎಂಬ ಇಂಗ್ಲಿಷ್ ವೈದ್ಯರ ಹೆಸರುಗಳಿವೆ, ಮಾಡಿದವನ ಹೆಸರಿಲ್ಲ.

ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಲಂಡನ್ನಿನಲ್ಲಿ ಇದೇ ಕ್ರಿಯೆಯನ್ನು ನಡೆಸಿ, 1816ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಅಮೆರಿಕೆಯ ಚಾರ್ಲ್ಸ್ ಹಲ್ ಎಂಬವನು, ದ್ರವರೂಪದ ರಾಳವನ್ನು ಅತಿನೇರಳೆ ಕಿರಣದಿಂದ ಪದರಪದರವಾಗಿ ಗಟ್ಟಿಗೊಳಿಸಿ ಬೇಕಾದ ಆಕಾರವನ್ನು ಶೀಘ್ರವಾಗಿ ಪಡೆಯುವ ವಿಧಾನಕ್ಕೆ 1984ರಲ್ಲಿ ಪೇಟೆಂಟನ್ನು ಕೋರಿ, 1986ರಲ್ಲಿ ಪಡೆದನು. ಈಗ ಸಿ.ಟಿ. ಚಿತ್ರಗಳ ಆಧಾರದಿಂದ ರೋಗಿಯ ದವಡೆಯ ಪಡಿಯಚ್ಚನ್ನು ಹೀಗೆ ನಿರ್ಮಿಸಿ, ಮೂಳೆಯನ್ನು ಕೂಡಿಸುವ ಲೋಹದ ಪಟ್ಟಿಯನ್ನು ಅದರ ಮೇಲೆಯೇ ಬಗ್ಗಿಸಿ ಸರಿಪಡಿಸಿಕೊಂಡು, ಆಮೇಲೆ ಶಸ್ತ್ರಕ್ರಿಯೆಗೆ ತೊಡಗುವರು.