ಬಿಳಿ ಕಾಗೆ

ರಷ್ಯನ್ನರು ‘ಬೇಲಯ ವರೋನ’, ಅಂದರೆ ಬಿಳಿ ಕಾಗೆ, ಎಂದರೆ ಅದು ಹಕ್ಕಿಯ ಮಾತಲ್ಲ. ಹತ್ತು ಜನರೊಂದಿಗೆ ಬೆರೆಯದ ಆಸಾಮಿಯ ಮಾತು. ಹೋಲಿಕೆ ಬಹು ಹಳೆಯದು. ಅದೃಷ್ಟವಂತ ಬಿಳಿ ಕಾಗೆಗಿಂತ ಅಪರೂಪ ಎಂದು ರೋಮನ್ ಕವಿ ಜುವೆನಲ್ ಆಗಲೇ ಕುಟುಕಿದ್ದ. ಅವನಲ್ಲಿ ಅದು ಬರೀ ಅಪರೂಪ. ರಷ್ಯನ್‌ನಲ್ಲಿ ಒಂಟಿತನವೂ ಒಂದಿಷ್ಟು ಕೊಂಕೂ ಸೇರಿಕೊಂಡವು.

ಬ್ಯಾಲೆ ನರ್ತಕ ರುಡಾಲ್ಫ್ ನುರೆಯೆವ್ ಕುರಿತು ರಾಲ್ಫ್ ಫೈನ್ಸ್ ನಿರ್ದೇಶಿಸಿದ ‘ದ ವೈಟ್ ಕ್ರೋ’ (2018) ಚಿತ್ರದ ಹೆಸರಿಗೆ ಇದೇ ಮೂಲ. 1961ರ ಜೂನ್ 16, ಪ್ಯಾರಿಸ್ಸಿನ ಲ ಬುರ್ಜೆ ವಿಮಾನ ನಿಲ್ದಾಣ. ನುರೆಯೆವ್ ಇದ್ದ ಸೋವಿಯತ್ ಬ್ಯಾಲೆ ತಂಡ ಕಿರೋವ್ ಲಂಡನ್ನಿಗೆ ಹೊರಟಿದೆ. ಇವನೊಬ್ಬನಿಗೆ ಮಾತ್ರ ಮಾಸ್ಕೋಗೆ ವಾಪಸಾಗುವ ಅಪ್ಪಣೆ. ಕಾವಲಿದ್ದ ಕೆಜಿಬಿಯವರ ಕಣ್ಣೆದುರೇ ಫ್ರೆಂಚ್ ಪೊಲೀಸರ ಬಳಿ ಹೋಗಿ ಆಶ್ರಯ ಕೇಳಿದ. ಜನರ ಬಾಯಲ್ಲಿ ಅದು ‘ಜಿಗಿತ’ವಾಯಿತು, ನರ್ತಕನಲ್ಲವೇ! ಇಟ್ಟದ್ದು ಕೆಲವೇ ಹೆಜ್ಜೆ.

ಕನ್ನಡದಲ್ಲಿ ‘ಬಿಳಿ ಕಾಗೆ’ಗೆ ಸಮೀಪದ್ದು, ಶಾಲೆಯ ಪ್ರಶ್ನೆಪತ್ರಿಕೆಯಿಂದ ಮಾತಿಗಿಳಿದ ‘ಗುಂಪಿಗೆ ಸೇರದ ಪದ’. ನುರೆಯೆವ್ ಮಾಡಿದ್ದಕ್ಕೆ ‘ಪಕ್ಷಾಂತರ’ ಎನ್ನೋಣವೆಂದರೆ, ಅದನ್ನು ನಮ್ಮ ಶಾಸಕರು ಎಂದೋ ಗುತ್ತಿಗೆ ಹಿಡಿದಿದ್ದಾರೆ. ‘ದೇಶ ತೊರೆದ’ ಎಂದರೆ ಸಾಕು.