ಜಲವಿದ್ಯುತ್: ನದಿಗೆ ಬೇಕಿರುವುದು ಕಾಲಕ್ಕೆ ತಕ್ಕ ನೀರು

ಹೊಗೆಯಿಲ್ಲ, ಬೂದಿಯಿಲ್ಲ ಎಂಬ ಕಾರಣಕ್ಕೆ ಜಲವಿದ್ಯುತ್ತು ಶುದ್ಧ ಇಂಧನವೆಂದು ಹೆಸರಾಗಿದೆ. ಅದರಿಂದಾಗುವ ಹಾನಿಯೆಂದರೆ ಕಾಡು, ಊರುಗಳ ಮುಳುಗಡೆಯಷ್ಟೇ ಎಂಬ ಭಾವನೆಯೂ ಬಲವಾಗಿದೆ. ಅಣೆಕಟ್ಟಿನ ಕೆಳಗೆ ನದಿ ಅನುಭವಿಸುವ ಪಾಡು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಶರಾವತಿಯನ್ನೇ ಗಮನಿಸಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಬಳಿಕ ನದಿಯ ಬಹುಪಾಲು ನೀರು ತಳಕಳಲೆ ಜಲಾಶಯದ ಮೂಲಕ 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೆ ಸಾಗುತ್ತದೆ. 253 ಮೀಟರ್ ಎತ್ತರದ ಜೋಗ ಬೇಸಿಗೆಯಲ್ಲಿ ಬರಿಯ ಬಂಡೆಯಾಗುವುದು ಎಲ್ಲರಿಗೂ ತಿಳಿದದ್ದೇ. ಆದರೆ ಕೆಳಗೆ ಹೊನ್ನಾವರದ ಅಳಿವೆಯಲ್ಲಿ ಪರಿಸ್ಥಿತಿ ತದ್ವಿರುದ್ಧ. ಟರ್ಬೈನು ತಿರುಗಿಸಿದ ನೀರು ಗೇರುಸೊಪ್ಪ ದಾಟಿ ವರ್ಷವಿಡೀ ಹರಿಯುವುದರಿಂದ ಬೇಸಿಗೆಯಲ್ಲಿ ಏರಬೇಕಾದ ಉಪ್ಪಿನಂಶ ಏರುವುದೇ ಇಲ್ಲ. ಅದನ್ನೇ ನಂಬಿದ ಚಿಪ್ಪುಜೀವಿಗಳು ಇಲ್ಲಿ ಕ್ಷೀಣಿಸಿವೆ, ಅಣೆಕಟ್ಟಿಲ್ಲದ ನೆರೆಯ ಅಘನಾಶಿನಿಯ ಅಳಿವೆಯಲ್ಲಿ ಸಮೃದ್ಧವಾಗಿವೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ತೋರಿಸಿವೆ. ಅಳಿವೆಯ ಮೀನುಗಾರನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಪರಿಹಾರಗಳಲ್ಲಿ ಮೊದಲನೆಯದು ಪರಿಸರ ಹರಿವು, ಅಂದರೆ ನದಿಯ ಜೀವಜಾಲಕ್ಕೆಂದೇ ಬಿಡುವ ನೀರು. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗಂಗೆಯ ಮೇಲ್ಭಾಗಕ್ಕೆ ಈ ಪ್ರಮಾಣವನ್ನು ನಿಗದಿಪಡಿಸಿತು: ಸರಾಸರಿ ಹರಿವಿನಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಶೇ. 20, ಅಕ್ಟೋಬರ್, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಶೇ. 25, ಮಳೆಗಾಲದಲ್ಲಿ ಶೇ. 30. ಗಂಗೆಯ ಹರಿವಿಗಾಗಿ ನೂರಕ್ಕೂ ಹೆಚ್ಚು ದಿನ ಉಪವಾಸವಿದ್ದ ನಿವೃತ್ತ ಐಐಟಿ ಪ್ರಾಧ್ಯಾಪಕ ಜಿ.ಡಿ. ಅಗರವಾಲ್ ಅಧಿಸೂಚನೆ ಹೊರಬಿದ್ದ ವಾರದಲ್ಲೇ, ಅಕ್ಟೋಬರ್ 11ರಂದು ನಿಧನರಾದರು.

ಹಾಗೆ ಬಿಟ್ಟ ನೀರೆಲ್ಲ ನಷ್ಟವೆಂಬ ವಾದ ಪೂರ್ತಿ ನಿಜವಲ್ಲ. ಅಣೆಕಟ್ಟಿನ ಬುಡದಲ್ಲಿ ಸಣ್ಣ ಟರ್ಬೈನು ಇಟ್ಟರೆ ಅದರಿಂದಲೂ ಒಂದಿಷ್ಟು ವಿದ್ಯುತ್ ದೊರೆಯುತ್ತದೆ. ಸಂಜೆಯ ಬೇಡಿಕೆಗೆಂದು ನೀರನ್ನು ಒಮ್ಮೆಲೇ ಬಿಟ್ಟು ನಿಲ್ಲಿಸುವಾಗಿನ ಏರಿಳಿತವನ್ನು ಕೆಳಗಿನ ಸಮತೋಲನ ಜಲಾಶಯ ತಗ್ಗಿಸಬಲ್ಲದು. ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರಿನ ಬದಲು ಮೇಲುಮಟ್ಟದ ನೀರನ್ನು ಸೆಳೆಯುವ ದ್ವಾರಗಳೂ ಬಳಕೆಯಲ್ಲಿವೆ.

ಆದರೆ ಕನಿಷ್ಠ ಹರಿವಿನ ನಿಯಮ ಜೋಗದಂಥ ಬತ್ತಿದ ಭಾಗಕ್ಕೆ ನೆರವಾದೀತೇ ಹೊರತು ಹೊನ್ನಾವರಕ್ಕಲ್ಲ. ಅಲ್ಲಿ ಬೇಸಿಗೆಯಲ್ಲಿ ನೀರು ತಗ್ಗಬೇಕು. ವಿದ್ಯುತ್ತಿಗೆ ಬೇಡಿಕೆ ಹೆಚ್ಚುವುದೂ ಬೇಸಿಗೆಯಲ್ಲೇ. ತಳಕಳಲೆ, ಗೇರುಸೊಪ್ಪ ಜಲಾಶಯಗಳ ನಡುವಣ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ ಬಹುಮಟ್ಟಿಗೆ ಸಿಂಗಳೀಕಗಳ ಕಾಡಿನ ಸುತ್ತ ನಡೆದಿದೆ. ಅಳಿವೆಗೆ ಯಾವ ತಿಂಗಳು ಎಷ್ಟು ನೀರು ಎಂಬ ಲೆಕ್ಕವೂ ಅದರೊಳಗೆ ಸೇರಬೇಕಾಗಿದೆ.