ತಲೆಯ ಬುಟ್ಟಿ ಇಳಿದ ಬಗೆ

ಹಳೆಯ ಕಕ್ಕಸನ್ನು ಕಿತ್ತು ಹೊಸದಾಗಿ ಕಟ್ಟುವಾಗ ಕೆಲಸಗಾರನು ಮೊದಲು ಪಿಂಗಾಣಿಯ ಕಮೋಡನ್ನು ಮೇಲೆತ್ತುತ್ತಾನೆ. ಅದರಡಿಯಲ್ಲಿ ಹೊಲಸುಕೊಳವೆಯ ಬಾಯಿಯೂ, ಕೆಲವೆಡೆ ಕಮೋಡನ್ನು ನೆಲಕ್ಕೆ ಬಿಗಿದಿಡುವ ಬಳೆಯೊಂದೂ ಕಾಣುತ್ತವೆ. ಈ ಬಳೆಯನ್ನು ಫ್ಲ್ಯಾಂಜ್ ಎನ್ನುವರು. ಇದರ ತಿರುಪುಗಳನ್ನು ಬಿಚ್ಚುವ ಮುನ್ನ ಬಲ್ಲ ಕೆಲಸಗಾರನು ಕೊಳವೆಯ ಬಾಯಿಗೆ ಬಟ್ಟೆಯನ್ನು ತುರುಕುತ್ತಾನೆ. ಏಕೆಂದರೆ ಕಮೋಡಿನ ಬಾಗಿನಲ್ಲಿ ನಿಂತು ದುರ್ವಾಯುವನ್ನು ತಡೆಯುತ್ತಿದ್ದ ಎರಡಂಗುಲದ ನೀರು ಕಮೋಡಿನೊಡನೆಯೇ ಹೋಗಿರುತ್ತದೆ.

ಈ ಅಲ್ಪ ನೀರಿಗೆ ದೊಡ್ಡ ಇತಿಹಾಸವುಂಟು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಮೊಹೆಂಜೊದಾರೊ ನಗರದಲ್ಲಿ ಇಟ್ಟಿಗೆಯ ಚರಂಡಿಗಳಿದ್ದುವು. ಆದರೆ ವಾಸನೆಯನ್ನು ತಡೆಯುವ ಬಾಗುಗೊಳವೆಗೆ 1775ರಲ್ಲಿ ಹಕ್ಕುಪತ್ರ ಪಡೆದವನು ಲಂಡನ್ನಿನಲ್ಲಿದ್ದ ಗಡಿಯಾರದ ಕುಶಲಿ ಅಲೆಗ್ಸಾಂಡರ್ ಕಮಿಂಗ್. ನೀರು ಮಲವನ್ನು ಒಯ್ಯತೊಡಗಿದ ಮೇಲೆ ಮನುಷ್ಯನು ಅದನ್ನು ಹೊರಬೇಕಾದ ಕಾರಣವೇ ಇರಲಿಲ್ಲ.

ಆದರೂ ನಮ್ಮ ದೇಶದಲ್ಲಿ ಒಂದು ಜಾತಿಯವರ ತಲೆಯ ಮೇಲಿನ ಬುಟ್ಟಿ ಇಳಿಯಲಿಲ್ಲ. ಕೋಲಾರದ ಚಿನ್ನದ ಗಣಿಗಳನ್ನೇ ನೋಡಿರಿ. 1902ರಲ್ಲಿಯೇ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುಚ್ಛಕ್ತಿ ಬಂದಿತು. ಆದರೆ ಗಣಿಯ ವಸತಿಗಳಲ್ಲಿ ಒಣ ಕಕ್ಕಸುಗಳು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದವರೆಗೂ ಉಳಿದುವು. ಹಣದ ಅಭಾವವಾಗಲಿ ವಿದ್ಯೆಯ ಅಭಾವವಾಗಲಿ ಇದಕ್ಕೆ ಕಾರಣವೆನ್ನಲಾಗದು. ಅಗ್ಗದ ಕೈಗಳು ಇದ್ದುವು, ಅವು ಯಾರ ಕೈಗಳೆಂಬುದು ಹುಟ್ಟಿನಿಂದಲೇ ಗೊತ್ತಾಗಿದ್ದಿತು.

1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಗಳಾದರು. ಅವರ ಸಂಪುಟದಲ್ಲಿ ಪೌರಾಡಳಿತವನ್ನು ನೋಡಿಕೊಂಡ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಇದು ಧೀರ ಕಾರ್ಯವೇ ಸರಿ. ಆದರೆ ಒಣ ಕಕ್ಕಸು ನಿಂತಿರುವಲ್ಲೆಲ್ಲ ಅದನ್ನು ಬಳಿಯುವ ಕೈಯೂ ಬೇಕಾಗುವುದು. ನೆಲದೊಳಗಿನ ವ್ಯವಸ್ಥೆ ಬದಲಾಗದೆ ಆಜ್ಞೆಯೊಂದೇ ಸಾಲದು.

ಆ ಗಣಿಯೂರಿನ ಪೌರಕಾರ್ಮಿಕ ಕುಟುಂಬದಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ನರು ಈ ಮರ್ಮವನ್ನು ಅರಿತರು. ಒಣ ಕಕ್ಕಸುಗಳನ್ನೇ ಕೆಡವಬೇಕೆಂದು ಅವರು ಹೋರಾಡಿದರು. ನಿವೃತ್ತ ಅಧಿಕಾರಿ ಎಸ್. ಆರ್. ಶಂಕರನ್ ಮೊದಲಾದವರೊಡನೆ ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಆಂಧ್ರ, ಕರ್ನಾಟಕಗಳೂ ಸೇರಿ ಆರು ರಾಜ್ಯಗಳ ಕೋರಿಕೆಯ ಮೇರೆಗೆ ಸಂಸತ್ತು 1993ರಲ್ಲಿ ಒಣ ಕಕ್ಕಸುಗಳ ನಿರ್ಮಾಣವನ್ನು ನಿಷೇಧಿಸಿತು. 1953ರಲ್ಲಿ ರಾಯದುರ್ಗವು ಬಳ್ಳಾರಿ ಜಿಲ್ಲೆಯಿಂದ ಅನಂತಪುರಕ್ಕೆ ಸೇರಿದಾಗ ನಮ್ಮ ನಡುವೆ ಗೆರೆಯೊಂದು ಬಿದ್ದಿತಷ್ಟೆ. ಈ ಕಾನೂನನ್ನು ಬೇಡುವಾಗ ಆ ಗೆರೆಯ ಎರಡೂ ಕಡೆಯವರು ಒಂದಾಗಿದ್ದರೆಂಬುದು ಬೆಳುಗುಪ್ಪದ ಕನ್ನಡಿಗರು ನೆನೆಯತಕ್ಕ ಸಂಗತಿ. 2013ರ ಕಾನೂನು ಮತ್ತಷ್ಟು ಮುಂದೆ ಹೋಗಿ, ರಕ್ಷಣೆಯಿಲ್ಲದೆ ಚರಂಡಿಗೂ ಮಲಗುಂಡಿಗೂ ಜನರನ್ನು ಇಳಿಸುವುದನ್ನು ನಿಷೇಧಿಸಿತು.

ಆದರೂ ಗುಂಡಿಗಿಳಿದವರು ವಿಷವಾಯುವಿನಿಂದ ಸಾಯುವುದು ನಿಂತಿಲ್ಲ. ಅಂಥ ಮರಣಕ್ಕೆ ಹತ್ತು ಲಕ್ಷ ರೂಪಾಯಿ ಪರಿಹಾರವೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ವಿಧಿಸಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೇರಿಸಿತು. ತಲೆಯಿಂದಿಳಿದ ಬುಟ್ಟಿಯ ಜಾಗದಲ್ಲಿ ಗುಂಡಿ ಬಂದಿದೆಯೆಂದೇ ಇದರ ಅರ್ಥ.

ಉಪಾಧ್ಯಾಯರು ಇತಿಹಾಸದ ಪಾಠದಲ್ಲಿ ರಾಜರ ಕಾಲುವೆಗಳನ್ನು ಹೇಳುವಾಗ ಇದನ್ನೂ ಹೇಳಬೇಕು. ವಿದ್ಯಾರ್ಥಿಗಳು ತಮ್ಮ ಶಾಲೆಯ ಕಕ್ಕಸಿನ ಗುಂಡಿ ತುಂಬಿದಾಗ ಅದನ್ನು ಬರಿದುಮಾಡುವುದು ಯಂತ್ರವೋ ಮನುಷ್ಯನೋ ಎಂದು ವಿಚಾರಿಸಬೇಕು. ಮನುಷ್ಯನನ್ನು ರಕ್ಷಣೆಯಿಲ್ಲದೆ ಇಳಿಸುತ್ತಾರೆಂದು ತಿಳಿದರೆ ಅದನ್ನು ನಿಲ್ಲಿಸುವಂತೆ ಅವರು ಕೇಳಬೇಕು, ಏಕೆಂದರೆ ಕಾನೂನು ಅದನ್ನು ನಿಷೇಧಿಸಿದೆ.